ಎಫುವಾಳ ಸೈಟಿನಲ್ಲಿ ಸಿಕ್ಕಿದ್ದು

ಇವತ್ತು ಮಧ್ಯಾಹ್ನ ಊಟ ಸೇರಲಿಲ್ಲ ಮಾರಾಯ್ರೆ.

ಇಲ್ಲಿ ಗಲ್ಫಿನಲ್ಲಿ, ಅಲ್ ಅಜೈಬಾದ ನಮ್ಮ ಕ್ಲಿನಿಕ್ಕಿನಲ್ಲಿ ಎಫುವಾ ಅಂತ ಘಾನಾದ ನರ್ಸ್ ಇದ್ದಾಳೆ. ಒಂಬತ್ತು ವರ್ಷ ಇಲ್ಲಿ ದುಡಿದು ತನ್ನ ದೇಶದಲ್ಲಿ ಎಲ್ಮಿನಾದ ಹತ್ತಿರ ಮನೆ ಕಟ್ಟಲು ಸೈಟು ತೆಗೊಂಡಿದ್ದಳು. ಹಿಂದೆ ಗುಲಾಮರನ್ನು ಕೋಟೆಯಲ್ಲಿ ಕೂಡಿಹಾಕಿ ಹಡಗು ಹತ್ತಿಸುತ್ತಿದ್ದ ಊರು ಅದು. ಇವತ್ತು ಪಾಯ ತೋಡುವುದನ್ನು ಅವಳ ತಮ್ಮ ವಿಡಿಯೋ ಕಾಲ್‌ನಲ್ಲಿ ತೋರಿಸುತ್ತಿದ್ದ. ನಾನೂ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಗುಂಡಿಯಲ್ಲಿ ಮನುಷ್ಯರ ಎಲುಬುಗಳು ಕಂಡವು. ಒಂದು ಕಾಲೆಲುಬಿಗೆ ಕಬ್ಬಿಣದ ಕೋಳ ಇನ್ನೂ ಇತ್ತು.

ಜಾಗ ಮಾರಿಸಿದ ಬ್ರೋಕರ್ ಅಲ್ಲೇ ನಿಂತಿದ್ದ. "ಹಳೇ ಎಲುಬು ಮೇಡಂ, ಸಮುದ್ರಕ್ಕೆ ಎಸೆದು ಕೆಲಸ ಮುಂದುವರಿಸೋಣ," ಅಂತ ಇಂಗ್ಲಿಷಿನಲ್ಲಿ ಹೇಳಿದ.

"ಸಮುದ್ರ ದಾಟಿಸಲಿಕ್ಕೇ ಅವರನ್ನು ಹಿಡಿದು ತಂದದ್ದು. ಸತ್ತಾದರೂ ನೆಲದಲ್ಲಿ ಉಳಿದಿದ್ದಾರೆ," ಅಂದಳು ಎಫುವಾ. ಪಾದ್ರಿಯನ್ನು ಕರೆಸಿ, ಪ್ರಾರ್ಥನೆ ಮಾಡಿಸಿ ಗುಂಡಿ ಮುಚ್ಚಲು ತಮ್ಮನಿಗೆ ಹೇಳಿದಳು.

"ಹಾಗಾದರೆ ನಿನ್ನ ಮನೆ?" ಅಂತ ಕೇಳಿದೆ.

"ಹೊಸ ಮನೆ ಅಂತ ಕಾದು ಕೂತ ಅಮ್ಮನಿಗೆ ಏನು ಹೇಳಲಿ?" ಅಂತ ನನ್ನನ್ನೇ ಕೇಳಿ ಕಣ್ಣೊರೆಸಿಕೊಂಡಳು.

ಬ್ರೋಕರ್ ಇನ್ನೂ ಫೋನಿನಲ್ಲೇ ಇದ್ದ. "ಪಕ್ಕದ ಸೈಟು ಖಾಲಿ ಇದೆ ಮೇಡಂ. ಅಲ್ಲಿ ಯಾರೂ ಅಗೆದು ನೋಡಿಲ್ಲ."

ಖಾಲಿಯಂತೆ!