ಈಸ್ಟರ್ ದ್ವೀಪದಲ್ಲಿ ಬೋರಲು ಬಿದ್ದ ಮೂರ್ತಿ

ಈಸ್ಟರ್ ದ್ವೀಪದ ಗಾಳಿಗೆ ಹುಲ್ಲೆಲ್ಲ ಒಂದೇ ಕಡೆ ಒರಗಿತ್ತು. ಸಮುದ್ರದ ಸದ್ದು ನಿದ್ದೆಗಣ್ಣಿನಲ್ಲಿ ಕೇಳಿದ ಹಾಗೆ ಬರುತ್ತಿತ್ತು. ಪಟದಲ್ಲಿ ಸಾಲಾಗಿ ನಿಂತಿದ್ದ ಕಲ್ಲಿನ ಮೂರ್ತಿಗಳನ್ನು ನೋಡಲು ಇಷ್ಟು ದೂರ ಬಂದರೆ, ಈ ದಡದಲ್ಲಿ ಅವು ಬೋರಲು ಬಿದ್ದಿದ್ದವು. ಒಂದರ ಕತ್ತು ಮುರಿದಿತ್ತು. ಕ್ಯಾಮೆರಾಗೆ ರೀಲು ಹಾಕುವ ಮನಸ್ಸೂ ನನಗಾಗಲಿಲ್ಲ.

ನನ್ನ ಹೆಂಡತಿ ಸರೋಜ ಹಳೇಬೀಡಿನವಳು, ಮುರಿದ ವಿಗ್ರಹಗಳ ನಡುವೆಯೇ ಆಡಿ ಬೆಳೆದವಳು. ಚಪ್ಪಲಿಯನ್ನೂ ಬಿಡದೆ ದೂರವೇ ನಿಂತಳು.

"ಭಿನ್ನ ಆಗಿರೋ ದೇವ್ರಿಗೆ ಕೈ ಮುಗೀಬಾರ್ದು ಕಣ್ರೀ" ಎಂದಳು.

ಮೂರ್ತಿಗಳ ಸುತ್ತ ಕಟ್ಟಿದ್ದ ಹಗ್ಗದಾಚೆ ಕಾವಲಿನ ಹೆಂಗಸು ಕೂತು ಕಿತ್ತಳೆ ಸುಲಿಯುತ್ತಿದ್ದಳು. ಇವು ಯಾವ ದೇವರೆಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ನಕ್ಕು, ದೇವರಲ್ಲ, ನಮ್ಮ ತಾತಂದಿರು ಎಂದಳು. ಅದನ್ನು ಸರೋಜಳಿಗೆ ಕನ್ನಡದಲ್ಲಿ ಹೇಳಿದೆ.

ಅವಳು ಆ ಮುರಿದ ಕತ್ತನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಹಗ್ಗದವರೆಗೆ ಹೋಗಿ, ತಣ್ಣನೆಯ ಹುಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಮೊದ್ಲೇ ಕೇಳ್ಬಾರ್ದೇನ್ರೀ" ಎಂದಳು. "ನಮ್ ತಾತ ಸೊಂಟ ಮುರ್ಕಂಡು ಮಲಗಿದ್ದಾಗ್ಲೂ ಅವ್ರ ಕಾಲಿಗೆ ಬಿದ್ದೇ ಅಲ್ವಾ ನಾನು ನಿಮ್ಮನೆಗೆ ಬಂದಿದ್ದು."