ಹಳದಿ ಮೀನಿನ ಇಪ್ಪತ್ತೆರಡನೆಯ ದಿನ

ಬೆಳಗಿನ ಐದೂವರೆ. ಮುಂದಿನ ಕೋಣೆಯಲ್ಲಿ ದೀಪ ಹಾಕದೆ, ಮೀನಿನ ತೊಟ್ಟಿಯ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಾರೆ ಮೀನಕ್ಕ. ಬೀದಿಯವರು ಇಟ್ಟ ಹೆಸರು ಅದು. ಎದ್ದು ಒಲೆಯ ಮೇಲಿನ ಹಾಲು ನೋಡಿ ಬರುತ್ತಾರೆ, ಕೂರುತ್ತಾರೆ, ಮತ್ತೆ ಏಳುತ್ತಾರೆ.

"ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ಮೀನು ತಣ್ಣಗಿದೆ, ನೀನೇ ಒದ್ದಾಡ್ತಿದೀಯ," ಎನ್ನುತ್ತಾರೆ ಮಂಚದ ಮೇಲಿಂದ ಅತ್ತೆ.

ಒದ್ದಾಟಕ್ಕೆ ಕಾರಣ ಬೆರಳುದ್ದದ ಹಳದಿ ಮೀನು. ಸಿಕ್ಲಿಡ್ ಎಂಬ, ಆಫ್ರಿಕಾದ ಸರೋವರದ ಜಾತಿ. ಇದರ ಹೆಣ್ಣು ಮೊಟ್ಟೆಗಳನ್ನು ಬಾಯೊಳಗಿಟ್ಟುಕೊಂಡು ಮರಿ ಮಾಡುತ್ತದೆ. ಮರಿಗಳು ಈಜುವ ತನಕ ತಾಯಿ ಏನನ್ನೂ ತಿನ್ನುವುದಿಲ್ಲ. ಮೊಟ್ಟೆ ಬಾಯಿಗೆ ಸೇರಿ ಇವತ್ತಿಗೆ ಇಪ್ಪತ್ತೆರಡು ದಿನ, ಮರಿ ಹೊರಬರುವ ಹೊತ್ತು. ಇಲ್ಲೇ ಬಿಟ್ಟರೆ, ಹೊರಬಂದ ಮರಿಗಳನ್ನು ತೊಟ್ಟಿಯ ಉಳಿದ ಮೀನುಗಳು ಕ್ಷಣದಲ್ಲಿ ಮುಗಿಸುತ್ತವೆ. ಬೇರೆಡೆಗೆ ಸಾಗಿಸೋಣವೆಂದರೆ, ಹಿಡಿಯುವಾಗ ಹೆದರಿದ ತಾಯಿ ಎಲ್ಲವನ್ನೂ ಉಗುಳಿಬಿಡಬಹುದು.

ಬೇರೆಯವರ ಮನೆಗಳ ಮೀನಿನ ತೊಟ್ಟಿ ತೊಳೆಯುವುದು ಮೀನಕ್ಕನ ಕೆಲಸ. ವಾರಕ್ಕೆ ಹನ್ನೊಂದು ಮನೆ, ಒಂದೊಂದರಲ್ಲೂ ಎಂಟು ಹತ್ತು ಬಕೆಟ್ ನೀರು. ಹದಿನಾಲ್ಕು ವರ್ಷವಾಯಿತು. ಬಲಗೈ ಈಗ ತಲೆ ಬಾಚುವಷ್ಟು ಮೇಲೇಳುವುದಿಲ್ಲ. ಗಂಡ ದೂರದೂರಿಗೆ ಲಾರಿ ಓಡಿಸುತ್ತಾರೆ. ಮನೆಯಲ್ಲಿರುವುದು ತಿಂಗಳಿಗೆರಡು ದಿನ. ಮನೆ ಖಾಲಿ ಮಾಡಿದವರೊಬ್ಬರು "ಎತ್ಕೊಂಡು ಹೋಗು" ಎಂದು ಬಿಟ್ಟುಹೋದದ್ದು ಈ ತೊಟ್ಟಿ.

ಅದು ಬಂದ ವರ್ಷವೇ ಒಂದು ತಪ್ಪಾಯಿತು. ಹಳದಿ ಮೀನು ಮೇವು ಬಿಟ್ಟಿತು, ಗಂಟಲು ಊದಿತು. "ಕಾಯಿಲೆ ಅಂದ್ಕೊಂಡೆ. ಬಲೆ ಹಾಕಿ ಹಿಡ್ದು ಔಷಧಿ ನೀರಿಗೆ ಬಿಟ್ಟೆ. ನೋಡಿದ್ರೆ ಬಕೆಟ್ ತಳದಲ್ಲಿ ಜೋಳದ ಕಾಳಷ್ಟು ಮೊಟ್ಟೆಗಳು, ಕಣ್ಣು ಮೂಡಿದ್ವು. ಹನ್ನೊಂದು ಮನೆ ಮೀನು ನೋಡ್ಕೊಳ್ಳೋಳು, ನಂಗೇ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಮೀನಕ್ಕ.

ಆಗ ಅದನ್ನು ಯಾರಿಗೂ ಹೇಳಿರಲಿಲ್ಲ. ಮೀನು ತಾನೇ, ಎಂದುಬಿಟ್ಟರೆ ಎಂಬ ಹೆದರಿಕೆ.

ಈ ಸಲ ಬಲೆಯಿಲ್ಲ. ಗಾಜಿನ ಜಾಡಿಯನ್ನು ನೀರೊಳಗೆ ಮಲಗಿಸಿ, ಇನ್ನೊಂದು ಕೈಯಿಂದ ಮೀನನ್ನು ಮೆಲ್ಲಗೆ ಅದರತ್ತ ಸರಿಸುತ್ತಾರೆ. ಎರಡು ಸಲ ಅದು ಕಲ್ಲಿನ ಹಿಂದಕ್ಕೆ ನುಸುಳುತ್ತದೆ. ಮೂರನೆಯ ಸಲ ಗಾಜು ಕಾಣದೆ ಒಳಗೆ ಹೋಗುತ್ತದೆ. ಗಂಟಲು ಹಾಗೇ ಊದಿಕೊಂಡಿದೆ. ಪಕ್ಕದ ಪುಟ್ಟ ತೊಟ್ಟಿಗೆ ಅದನ್ನು ಬಿಟ್ಟು ಬಕೆಟ್, ಪೈಪು ಎತ್ತಿಕೊಳ್ಳುತ್ತಾರೆ. ಬಾಗಿಲವರೆಗೆ ಹೋಗಿ ವಾಪಸ್ಸು ಬರುತ್ತಾರೆ.

"ಹೋಗೇ, ನಾನಿದೀನಿ. ನಿನ್ನ ಗಂಡನಂಥೋನ್ನೇ ಸಾಕಿದೋಳು, ಇದನ್ನ ನೋಡ್ಕೊಳ್ಳೋಕಾಗಲ್ವ?"

ಎರಡನೆಯ ಮನೆಯಲ್ಲಿ ಮೊಣಕೈವರೆಗೆ ನೀರಿನಲ್ಲಿರುವಾಗ ಫೋನು. ಅತ್ತೆಯದು. "ಮರಿ ಹೊರಗೆ ಬಂದ್ವು ಕಣೇ. ಎಣಿಸೋಣ ಅಂತ ಬಗ್ಗಿದೆ, ಅಷ್ಟೂ ತಿರುಗಿ ಅದರ ಬಾಯೊಳಗೆ ಹೋಗ್ಬಿಟ್ವು. ನಾನೇನೂ ಮಾಡ್ಲಿಲ್ಲಮ್ಮ."

ಮೀನಕ್ಕ ಗೋಡೆಗೆ ಒರಗಿ ನಗುತ್ತಾರೆ. "ಹೆದ್ರಿದ್ರೆ ಹಾಗೇ ಅತ್ತೆ, ಅಮ್ಮನ ಬಾಯಿಗೇ ಓಡ್ತವೆ. ನೀವು ಸ್ವಲ್ಪ ದೂರ ಕೂತ್ಕೊಳ್ಳಿ."

ಮನೆಯೊಡತಿ ಒಳಗಿನಿಂದ ಇಣುಕುತ್ತಾರೆ. "ಏನಾಯ್ತು?"

"ನಮ್ಮನೇಲಿ ಮೀನು ಮರಿ ಮಾಡಿದೆ," ಎನ್ನುತ್ತಾರೆ ಮೀನಕ್ಕ, ಒದ್ದೆ ಕೈ ಒರೆಸಿಕೊಳ್ಳುತ್ತ. "ಒಂದೂ ಉಗುಳ್ಲಿಲ್ಲ. ನಾನೇ ಹಿಡ್ದಿದ್ದು."