ಡ್ರೀಮಾ ಸ್ಟಿಡಮ್ ಬದುಕಿಸಿದ ಮನುಷ್ಯ

ಲಿಕ್ ಫೋರ್ಕ್ ಕಣಿವೆಯಲ್ಲಿ ಪ್ರಾಯದ ಹುಡುಗ ಹುಡುಗಿ ಯಾರನ್ನೇ ನಿಲ್ಲಿಸಿ ಕೇಳಿ, ಹುಟ್ಟಿದ ಗಳಿಗೆಯಲ್ಲಿ ಅವರನ್ನು ಎತ್ತಿಕೊಂಡದ್ದು ಡ್ರೀಮಾ ಸ್ಟಿಡಮ್‌ಳ ಕೈ. ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಬಾಯಿ ಮುಚ್ಚಿ, ಜನ ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಇಳಿದು ಹೋದ ಮೇಲೂ, ಅಲ್ಲಿನ ಸಣ್ಣ ಆಸ್ಪತ್ರೆಯ ಹೆರಿಗೆ ವಾರ್ಡು ಮಾತ್ರ ಹೇಗೋ ನಡೆದುಕೊಂಡು ಬಂದಿತ್ತು. ಡ್ರೀಮಾ ಮತ್ತು ಒಲೀಟಾ ಎಂಬ ಇಬ್ಬರು ನರ್ಸುಗಳೇ ಅದರ ಜೀವ.

ಆ ಆಸ್ಪತ್ರೆಯನ್ನು ಹೊರಗಿನ ಕಂಪನಿಯೊಂದು ಕೊಂಡಿತು. ಹೆರಿಗೆ ವಾರ್ಡಿನಿಂದ ನಷ್ಟ, ಮುಚ್ಚುತ್ತೇವೆ ಎಂಬ ಸುದ್ದಿ ಹಬ್ಬಿತು. ಇನ್ನೊಂದು ವಾರ್ಡು ಇದ್ದದ್ದು ಎರಡು ಬೆಟ್ಟಗಳ ಆಚೆ.

"ನೀನೇ ನಿಲ್ಲೇ ಎಲೆಕ್ಷನ್‌ಗೆ," ಅಂದಳು ಒಲೀಟಾ, ಚರ್ಚಿನ ಭಾನುವಾರದ ಊಟದಲ್ಲಿ ಬೀನ್ಸ್ ಬಡಿಸುತ್ತ. "ಇಲ್ಲಿ ಓಟು ಹಾಕೋರಲ್ಲಿ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದೋಳು ನೀನು. ನಿಂಗೆ ಇಲ್ಲ ಅಂತಾರಾ?"

ಡ್ರೀಮಾಳ ಗಂಡ ವರ್ಜಿಲ್ ಹಳೆಯ ಗಣಿಗಾರ. ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡೇ ನಕ್ಕ. "ಗೆದ್ರೆ ರಾಜಧಾನೀಲಿ ಅವರ ತಲೆ ತಿಂತಾಳೆ, ಸೋತ್ರೆ ಮನೇಲಿ ನನ್ನ ತಲೆ ತಿಂತಾಳೆ. ಗೆಲ್ಲಿಸಿಬಿಡ್ರಪ್ಪಾ!"

ಗೆದ್ದಳು. ರಾಜ್ಯದ ಶಾಸನಸಭೆಯಲ್ಲಿ ಅವಳಿಗೊಂದು ಕುರ್ಚಿ, ಮೇಜು, ಮೈಕು ಸಿಕ್ಕಿದವು. ಎಲ್ಲರಿಗೂ ಅವಳು ಇಷ್ಟವೇ. ಮೊಗಸಾಲೆಯಲ್ಲಿ "ನರ್ಸಮ್ಮಾ, ಈ ಮಂಡಿ ನೋಡು," "ಈ ಬಿಪಿ ಮಾತ್ರೆ ಬಿಟ್ರೆ ಏನಾಗುತ್ತೆ?" ಎಂದು ಮುತ್ತಿಕೊಳ್ಳುತ್ತಿದ್ದರು. ಒಳಗೆ ಕೂತರೆ ಅವಳ ಮಾತಿಗೆ ಕಿವಿ ಕೊಡುವವರಿಲ್ಲ. ಬೇರೆ ಏರ್ಪಾಟಾಗುವ ತನಕ ಯಾವ ಆಸ್ಪತ್ರೆಯೂ ಹೆರಿಗೆ ವಾರ್ಡು ಮುಚ್ಚಕೂಡದು ಎಂಬುದು ಅವಳ ಮಸೂದೆ. ಅದು ಆರೋಗ್ಯ ಸಮಿತಿಗೆ ಹೋಗಿ ಅಲ್ಲೇ ಮಲಗಿತು. ಸಮಿತಿಯ ಅಧ್ಯಕ್ಷ ಗಾರ್ನೆಟ್ ಹಾಡ್ಜ್, ಟ್ರ್ಯಾಕ್ಟರ್ ಮಾರಿ ಮೇಲೆ ಬಂದವನು, ಬೆಣ್ಣೆಯಂಥ ಮಾತಿನವನು. ಕೇಳಿದಾಗಲೆಲ್ಲ "ಮುಂದಿನ ವಾರ ಕಣಮ್ಮ" ಅನ್ನುತ್ತಿದ್ದ.

ಎರಡನೇ ವರ್ಷ ಅಧಿವೇಶನ ಮುಗಿಯುತ್ತ ಬಂದಾಗ ಡ್ರೀಮಾ ಅವನನ್ನು ಮೊಗಸಾಲೆಯಲ್ಲೇ ಅಡ್ಡಗಟ್ಟಿದಳು.

"ಆಗಲ್ಲ ಅಂತಾದ್ರೂ ಬಾಯ್ಬಿಟ್ಟು ಹೇಳ್ರಿ ಹಾಡ್ಜ್. ಊರಿಗೆ ಹೋಗಿ ಅದನ್ನೇ ಹೇಳ್ತೀನಿ."

ಅವನು ಏನೋ ಹೇಳಲು ಬಾಯಿ ತೆರೆದ. ಮುಖ ಬೂದಿ ಬಣ್ಣಕ್ಕೆ ತಿರುಗಿತು. ನಿಂತಲ್ಲೇ ಕಡಿದ ಮರದ ಹಾಗೆ ಬಿದ್ದ.

ನಾಡಿ ಇರಲಿಲ್ಲ. ಸುತ್ತ ಸೂಟು ತೊಟ್ಟವರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಡ್ರೀಮಾ ಮಂಡಿಯೂರಿ ಅವನ ಎದೆಯನ್ನು ಒತ್ತಿದಳು, ಕೈಯಡಿಯಲ್ಲಿ ಪಕ್ಕೆಲುಬು ಮುರಿದರೂ ಬಿಡದೆ ಒತ್ತಿದಳು. ಗೋಡೆಗೆ ತೂಗುಹಾಕಿದ್ದ ಹೃದಯದ ಯಂತ್ರ ತರಿಸಿ ಎದೆಗೆ ಶಾಕ್ ಕೊಟ್ಟಳು. ಆಂಬುಲೆನ್ಸ್ ಬರುವ ಹೊತ್ತಿಗೆ ಹಾಡ್ಜ್ ಉಸಿರಾಡುತ್ತಿದ್ದ.

ಪತ್ರಿಕೆಗಳಲ್ಲಿ ಅವಳ ಚಿತ್ರ ಬಂತು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ವಾರದ ಮೇಲೆ ಅವಳು ಆಸ್ಪತ್ರೆಗೆ ಹೋದಾಗ ಹಾಡ್ಜ್ ಅವಳ ಕೈ ಹಿಡಿದು ಅತ್ತ.

"ಈ ಜೀವ ನೀನು ಕೊಟ್ಟಿದ್ದು ಕಣಮ್ಮ. ಏನು ಬೇಕೋ ಕೇಳು."

"ಮಸೂದೆ."

ಅವನು ಕಿಟಕಿಯ ಕಡೆ ತಿರುಗಿದ. "ಅದೊಂದು ಬಿಟ್ಟು ಕೇಳು. ಆ ಕಂಪನಿಯೋರು ಎಲೆಕ್ಷನ್‌ಗೆ ದುಡ್ಡು ಕೊಟ್ಟು ನನ್ನ ಹಿಂದೆ ಎಷ್ಟು ವರ್ಷದಿಂದ ನಿಂತೋರು ಗೊತ್ತಾ? ನನ್ನ ಕೈಯಲ್ಲಿಲ್ಲಮ್ಮ."

ಎಲೆ ಉದುರುವ ಕಾಲಕ್ಕೆ ಲಿಕ್ ಫೋರ್ಕ್‌ನ ವಾರ್ಡಿಗೆ ಬೀಗ ಬಿತ್ತು. ಲಾರಿಯೊಂದು ಬಂದು ತೊಟ್ಟಿಲುಗಳನ್ನು ಹೇರಿಕೊಂಡು ಹೋಯಿತು. ಒಲೀಟಾಳ ಮಗಳು ಟೆಸ್ಸಾ ಆಗ ಬಸುರಿ.

ಜನವರಿಯಲ್ಲಿ ರಸ್ತೆಯ ಮೇಲೆ ಗಾಜಿನಂಥ ಮಂಜುಗಡ್ಡೆ ಕಟ್ಟಿದ್ದ ದಿನ ಟೆಸ್ಸಾಳಿಗೆ ರಕ್ತಸ್ರಾವ ಶುರುವಾಯಿತು. ಆಂಬುಲೆನ್ಸು ಇರುವೆಯ ಹಾಗೆ ಬೆಟ್ಟ ಹತ್ತಿತು. ಎರಡನೇ ಬೆಟ್ಟ ದಾಟುವುದರೊಳಗೆ ಹೆಣ್ಣುಮಗು ಹೊಟ್ಟೆಯಲ್ಲೇ ಹೋಯಿತು. ಟೆಸ್ಸಾ ಉಳಿದಳು, ಅವಳ ಗರ್ಭಕೋಶ ಉಳಿಯಲಿಲ್ಲ.

ರಾಜಧಾನಿಯಲ್ಲಿದ್ದ ಡ್ರೀಮಾಳಿಗೆ ವರ್ಜಿಲ್ ಫೋನ್ ಮಾಡಿದ. ಏದುಸಿರಿನ ನಡುವೆ ಅವನಿಂದ ಹೊರಟದ್ದು ಎರಡೇ ಮಾತು: "ಮಗು ಹೋಯ್ತು. ಬಾ."

ಡ್ರೀಮಾ ಊರಿಗೆ ಬಂದು ಮನೆಗೆ ಹೋದಾಗ ಒಲೀಟಾ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ಆ ಮನುಷ್ಯ ಬಿದ್ದಾಗ ಎಷ್ಟು ಹೊತ್ತಿಗೆ ಅವನ ಎದೆ ಮೇಲೆ ಕೈ ಇಟ್ಟೆ?"

"ತಕ್ಷಣ."

"ಒಂದು ಚೂರು ನಿಧಾನ ಮಾಡೋಣ ಅನ್ನಿಸ್ಲಿಲ್ವೇನೇ?"

"ಅವತ್ತು ಅನ್ನಿಸ್ಲಿಲ್ಲ."

"ಇವತ್ತು?"

ಬಾಗಿಲು ಮುಚ್ಚಿಕೊಂಡಿತು.

ಆ ವರ್ಷದ ಅಧಿವೇಶನದಲ್ಲಿ ಟೆಸ್ಸಾಳ ಒಪ್ಪಿಗೆ ಪಡೆದು ಡ್ರೀಮಾ ಸಮಿತಿಯ ಮುಂದೆ ನಡೆದದ್ದನ್ನು ಹೇಳಿದಳು. ದನಿ ಏರಿಸಲಿಲ್ಲ. ಪಾಳಿ ಮುಗಿದಾಗ ಮುಂದಿನ ನರ್ಸಿಗೆ ರೋಗಿಯ ಸ್ಥಿತಿ ಹೇಳುವಂತೆ ಹೇಳಿದಳು. ಕೆಲವರು ತಲೆ ತಗ್ಗಿಸಿದರು. ಹಾಡ್ಜ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡ. ಕೊನೆಗೂ ಮಸೂದೆಯನ್ನು ಮತಕ್ಕೆ ಹಾಕಿದ. ಎರಡೂ ಕಡೆ ಸಮಸಮ ಬಂತು. ಉಳಿದದ್ದು ಅವನದೊಂದೇ. ಒದ್ದೆ ಮುಖದಲ್ಲೇ ಬೇಡವೆಂದು ಕೈ ಎತ್ತಿದ.

ಡ್ರೀಮಾ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮರುವರ್ಷ ವರ್ಜಿಲ್ ತೀರಿಕೊಂಡ. ಅವನ ಮಣ್ಣಿಗೆ ಹಾಡ್ಜ್ ದೊಡ್ಡ ಹೂಗುಚ್ಛ ಕಳಿಸಿದ್ದ. ಅವಳು ಅದನ್ನು ಬಿಸಾಡಲೂ ಇಲ್ಲ, ಗೋರಿಯ ಮೇಲೆ ಇಡಲೂ ಇಲ್ಲ.

ಆಮೇಲೆ ಆಸ್ಪತ್ರೆಯೇ ಮುಚ್ಚಿತು. ಕಣಿವೆಯಲ್ಲಿ ನರ್ಸಿಗೆ ಉಳಿದ ಜಾಗ ವೃದ್ಧಾಶ್ರಮ ಒಂದೇ. ಡ್ರೀಮಾ ಅಲ್ಲಿ ಸೇರಿದಳು. ಕೆಲವು ತಿಂಗಳಿಗೆ ಒಲೀಟಾಳೂ ಬಂದಳು, ಅವಳಿಗೂ ಬೇರೆ ದಾರಿ ಇರಲಿಲ್ಲ. ಊಟದ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಭಾರೀ ಮೈಯ ಮುದಿ ಗಣಿಗಾರನೊಬ್ಬನನ್ನು ಮಗ್ಗುಲು ಬದಲಿಸಬೇಕಿತ್ತು. ಡ್ರೀಮಾ ಒಬ್ಬಳೇ ಹೆಣಗುತ್ತಿರುವುದನ್ನು ಕಂಡು ಒಲೀಟಾ ಬಂದು ಆಚೆ ಬದಿಯ ಹಾಸುಬಟ್ಟೆ ಹಿಡಿದಳು.

"ಎತ್ತು," ಅಂದಳು.

ಎತ್ತಿದರು. ಮುದುಕ ನರಳಿ ಸುಮ್ಮನಾದ. ಒಲೀಟಾ ಹೊದಿಕೆ ಸರಿಮಾಡಿ, ಡ್ರೀಮಾಳ ಮುಖ ನೋಡದೆ ಪಕ್ಕದ ಕೋಣೆಗೆ ಹೋದಳು.